ಹಿಂದಿನವರು ಸಿಗರೇಟ್ ಸೇದಿದ ಮನೆಯ ವಾಸನೆ ಹೋಗಲು ಯಾವ ರೂಮ್ ಫ್ರೆಶ್ನರ್ ಒಳ್ಳೆಯದು? ಹೇಗೂ ಪೇಂಟ್ ಮಾಡಿಸ್ತೀವಿ.

ಯಾವುದೂ ಬೇಡ. ಆ ದುಡ್ಡು ಉಳಿಸಿ. "ಹೇಗೂ ಪೇಂಟ್ ಮಾಡಿಸ್ತೀವಿ" ಅಂತ ಕೊನೆಗೆ ಬರೆದಿದ್ದೀರಲ್ಲ, ಫ್ರೆಶ್ನರ್‌ಗಿಂತ ನನಗೆ ಅದರದೇ ಭಯ.

2017ರ ಏಪ್ರಿಲ್‌ನಲ್ಲಿ ಕಲಬುರಗಿಯ ಬ್ರಹ್ಮಪುರದಲ್ಲಿ ಒಂದು ಹಳೆಯ ಮನೆ ಹಿಡಿದೆವು. ದಪ್ಪ ಗೋಡೆ, ಶಹಾಬಾದ್ ಫರ್ಸಿಯ ನೆಲ, ಕಡಿಮೆ ಬಾಡಿಗೆ. ಮೊದಲಿದ್ದ ಹಿರಿಯರು ಹನ್ನೆರಡು ವರ್ಷ ನಡುಮನೆಯಲ್ಲೇ ಕೂತು ಬೀಡಿ ಸೇದಿದವರು. ನಾವು ನೋಡಲು ಹೋದ ದಿನ ಕಿಟಕಿ ಬಾಗಿಲೆಲ್ಲ ತೆರೆದಿದ್ದವು, ಏನೂ ಗೊತ್ತಾಗಲಿಲ್ಲ. ಬೀಗದ ಕೈ ಸಿಕ್ಕ ಮೇಲೆ ಗೊತ್ತಾಯಿತು. ಮಗಳು ಆಗ ಅಂಬೆಗಾಲಿಡುತ್ತಿದ್ದಳು.

ಪೇಂಟರ್‌ನನ್ನು ಕೇಳಿದೆ. "ಏನಾಗಲ್ರಿ ಸರ, ಎರಡ್ ಕೋಟ್ ಹೊಡದ್ರ ಎಲ್ಲಾ ಮುಚ್ಚಿ ಹೋಗ್ತದ" ಅಂದ. ನಾನೂ ತಲೆಯಾಡಿಸಿದೆ. ಗೋಡೆ ತೊಳೆಯದೆ ಅದರ ಮೇಲೇ ಡಿಸ್ಟೆಂಪರ್ ಹೊಡೆಸಿದೆ.

ತಪ್ಪು ಅಂದರೆ ಇದೇ. ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ. ನಾವು ವಾಸನೆ ಗಾಳಿಯಲ್ಲಿದೆ ಅಂದುಕೊಳ್ಳುತ್ತೇವೆ. ಅದು ಇರುವುದು ಗೋಡೆಯಲ್ಲಿ. ಹೊಗೆಯ ಟಾರ್ ಅಂಟಂಟಾಗಿ ಗೋಡೆಗೆ ಕೂರುತ್ತದೆ. ಹೊಗೆ ಮೇಲಕ್ಕೇ ಹೋಗುವುದರಿಂದ ಛತ್ತಿಗೆ ಇನ್ನೂ ಜಾಸ್ತಿ. ಡಿಸ್ಟೆಂಪರ್ ನೀರಿನ ಬಣ್ಣ. ಹಚ್ಚಿದಾಗ ಆ ನೀರು ಕೆಳಗಿನ ಟಾರನ್ನು ನೆನೆಸುತ್ತದೆ, ಒಣಗುವಾಗ ಅದನ್ನೇ ಮೇಲಕ್ಕೆ ಎಳೆದು ತರುತ್ತದೆ. ಅಂದರೆ ನಾನು ದುಡ್ಡು ಕೊಟ್ಟು ಕೊಳೆಯನ್ನು ಒಳಗಿನಿಂದ ಹೊರಗೆ ತರಿಸಿಕೊಂಡೆ! ವಾರದೊಳಗೆ ಛತ್ತಿನಲ್ಲಿ ಹಳದಿ ಕಲೆ ಎದ್ದವು. ಸೋರುತ್ತಿದೆಯೇನೋ ಅಂದುಕೊಂಡೆ. ಏಪ್ರಿಲ್ ಬಿಸಿಲಲ್ಲಿ ಎಲ್ಲಿಯ ಸೋರಿಕೆ? ಇನ್ನೊಂದು ಕೋಟ್ ಹೊಡೆಸಿದೆ, ಅದೇ ಬಣ್ಣ. ಜೂನ್‌ನಲ್ಲಿ ಮೊದಲ ಮಳೆ ಬಿತ್ತು, ಗೋಡೆ ತಂಪು ಹಿಡಿಯಿತು. ಅವತ್ತು ಸಂಜೆ ಹೆಂಡತಿ ಬಾಗಿಲಲ್ಲೇ ನಿಂತು "ರೀ, ಮನ್ಯಾಗ ಯಾರರೆ ಬೀಡಿ ಸೇದ್ಯಾರೇನ್ರಿ?" ಅಂದಳು.

ಅವ್ವ ಬಂದಾಗ ದಿನಾ ಸಂಜೆ ಲೋಬಾನ ಹಾಕಿದಳು. ಪರಿಮಳ ಚೆನ್ನಾಗಿತ್ತು, ಆದರೆ ಹೊಗೆಯ ಮನೆಗೆ ನಾವೇ ಮತ್ತೆ ಹೊಗೆ ಹಾಕಿದ ಹಾಗಾಯಿತು. ನಿಮ್ಮ ಫ್ರೆಶ್ನರ್ ಕತೆಯೂ ಅಷ್ಟೇ, ಮಲ್ಲಿಗೆ ವಾಸನೆಯ ಬೀಡಿ ಆಗುತ್ತದೆ.

ದಸರಾ ರಜೆಯಲ್ಲಿ ಡಿಸ್ಟೆಂಪರ್ ಪೂರ್ತಿ ಕೆರೆಸಿದೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ, ಕೈಗವಸು ತೊಟ್ಟು, ಗೋಡೆ ಛತ್ತು ಎರಡನ್ನೂ ನಾನೇ ತಿಕ್ಕಿದೆ. ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ತೊಳೆಯಿರಿ, ಇಲ್ಲವಾದರೆ ಒಣ ಗೋಡೆಯ ಮೇಲೆ ಕೊಳೆನೀರು ಇಳಿದು ಗೆರೆ ಉಳಿಯುತ್ತದೆ. ಮೊದಲ ಬಕೆಟ್ ನೀರು ಥೇಟ್ ಚಹಾ ಡಿಕಾಕ್ಷನ್. ಒಳ್ಳೆಯ ನೀರಿನಿಂದ ಒರೆಸಿ ಮೂರು ದಿನ ಒಣಗಲು ಬಿಟ್ಟೆ. ಆಮೇಲೆ ಟರ್ಪೆಂಟೈನ್ ಹಾಕಿ ಕಲಸುವ ಪ್ರೈಮರ್, ನೀರಿನದ್ದಲ್ಲ. ಪೇಂಟರ್ "ಸುಮ್ನೆ ಖರ್ಚು" ಅಂತಾನೆ, ಕೇಳಬೇಡಿ. ಕಿಟಕಿ ತೆರೆದಿಟ್ಟು ಮಾಡಿಸಿ, ಮಕ್ಕಳಿದ್ದರೆ ಎರಡು ದಿನ ಬೇರೆ ಕಡೆ ಕಳಿಸಿ. ಬಣ್ಣ ಅದರ ಮೇಲೆ. ಕಲೆ ಮತ್ತೆ ಏಳಲಿಲ್ಲ.

ಫ್ಯಾನಿನ ರೆಕ್ಕೆ, ಸ್ವಿಚ್ ಬೋರ್ಡ್, ಬಾಗಿಲ ಮೇಲಂಚು ಒರೆಸಿ. ಅವರು ಬಿಟ್ಟುಹೋದ ಪರದೆ, ಗಾದಿ ಇದ್ದರೆ ಇಟ್ಟುಕೊಳ್ಳಬೇಡಿ. ನಿಮ್ಮದೂ ಫರ್ಸಿ ನೆಲವಾದರೆ ಯಾರೋ ಹೇಳಿದರು ಅಂತ ವಿನೆಗರ್ ಹಾಕಲು ಹೋಗಬೇಡಿ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಹುಳಿ ಅದನ್ನು ತಿನ್ನುತ್ತದೆ. ಸಾಬೂನು ನೀರು ಸಾಕು.

ಇಷ್ಟಾದ ಮೇಲೂ ಮುಂದಿನ ಮಾರ್ಚ್‌ನಲ್ಲಿ ವಾಸನೆ ಮತ್ತೆ ಬಂತು. ನಾನು ಛತ್ತು ನೋಡಿದೆ, ಗೋಡೆ ಮೂಸಿದೆ. ಕೊನೆಗೆ ನೋಡಿದರೆ ಕಿಟಕಿಯಲ್ಲಿ ಹಳಬರು ಬಿಟ್ಟುಹೋಗಿದ್ದ ಕೂಲರ್. ಗಾಳಿ ತಂಪಾಗಲೆಂದು ಅದರಲ್ಲಿ ನೀರು ಬಿಟ್ಟು ನೆನೆಸುವ ಹುಲ್ಲು ವರ್ಷಗಟ್ಟಲೆ ಬೀಡಿ ಕುಡಿದಿತ್ತು, ನೀರು ಬಿದ್ದ ಕೂಡಲೇ ಎಲ್ಲ ಕಕ್ಕಿತು. ನಿಮ್ಮ ಕಿಟಕಿಯಲ್ಲೂ ಅಂಥದ್ದೊಂದು ಇದ್ದರೆ, ಸ್ವಿಚ್ ಹಾಕುವ ಮೊದಲು ಹುಲ್ಲು ಬದಲಾಯಿಸಿ.