ಗೀರು ಬಿದ್ದ ಸ್ಟೀಲ್ ವಾಚು

ಪ್ರಶ್ನೆ: ನನ್ನ ಸ್ಟೀಲ್ ವಾಚಿನ ಕೇಸು, ಚೈನಿನ ಮೇಲೆ ಸಣ್ಣ ಗೀರುಗಳು ಜಾಸ್ತಿಯಾಗಿವೆ. ಮನೆಯಲ್ಲೇ ಉಜ್ಜಿ ತೆಗೆಯಬಹುದಾ?

ಉತ್ತರ: ತೆಗೆಯಬಹುದು. ಆದರೆ ಪಾಲಿಶ್ ಅಂದರೆ ಗೀರನ್ನು ತುಂಬುವುದಲ್ಲ, ಸುತ್ತಲಿನ ಲೋಹವನ್ನೇ ಸವೆಸುವುದು. ಹಾಗಾಗಿ ಉಗುರಿಗೆ ತಗಲುವಷ್ಟು ಆಳದ ಗೀರನ್ನು ಸುಮ್ನೆ ಬಿಟ್ಟುಬಿಡಿ. ಚಿನ್ನದ ಬಣ್ಣದ ಅಥವಾ ಕಪ್ಪು ಲೇಪನವಿದ್ದರೆ ಮುಟ್ಟಲೇಬೇಡಿ, ಲೇಪನವೇ ಹೋಗುತ್ತದೆ.

ಕನ್ನಡಿಯಂತೆ ಹೊಳೆಯುವ ಭಾಗಕ್ಕೆ ಮೆಟಲ್ ಪಾಲಿಶ್ ಪೇಸ್ಟು, ಮೆತ್ತನೆಯ ಬಟ್ಟೆ ಸಾಕು. ಆದರೆ ಸಣ್ಣ ಗೆರೆಗಳಿರುವ ಮಂಕು ಭಾಗಕ್ಕೆ, ಅಂದರೆ ಬ್ರಷ್ಡ್ ಫಿನಿಶ್‌ಗೆ, ಅದೇ ಪೇಸ್ಟ್ ಹಚ್ಚಿದಿರೋ, ಅಲ್ಲೊಂದು ಹೊಳೆಯುವ ತೇಪೆ ಬಿದ್ದು ಗೀರಿಗಿಂತ ಅದೇ ಎದ್ದು ಕಾಣುತ್ತದೆ. ಅಲ್ಲಿಗೆ ನಯವಾದ ಫೈಬರ್ ಪ್ಯಾಡ್, ಅಂದರೆ ಪಾತ್ರೆ ಉಜ್ಜುವ ಸ್ಕ್ರಬ್ಬರಿನಂಥದ್ದೇ ಆದರೆ ಅಷ್ಟು ಒರಟಲ್ಲದ ಪ್ಯಾಡ್ ಬೇಕು. ಗೆರೆ ಇರುವ ದಿಕ್ಕಿನಲ್ಲೇ, ಒಂದೇ ಕಡೆಗೆ, ಹಗುರವಾಗಿ ಎಳೆಯಿರಿ. ಹಿಂದೆ ಮುಂದೆ ತಿಕ್ಕಬೇಡಿ. ಗಾಜಿಗೂ ಪಕ್ಕದ ಹೊಳಪು ಭಾಗಕ್ಕೂ ಮೊದಲೇ ಟೇಪ್ ಅಂಟಿಸಿ.

ಅಂಚುಗಳ ಬಗ್ಗೆ ಮಾತ್ರ ಹುಷಾರು. ಜಾಸ್ತಿ ಉಜ್ಜಿದರೆ ಚೂಪು ಹೋಗಿ ಬಳಸಿದ ಸೋಪಿನ ತುಂಡಿನಂತಾಗುತ್ತವೆ, ಒಂದು ವಾಚನ್ನು ನಾನೇ ಹಾಗೆ ಕೆಡಿಸಿದ್ದೇನೆ. ಬಿಚ್ಚಿದ ಚೈನನ್ನು ಸೋಪು ನೀರಲ್ಲಿ ತೊಳೆಯಿರಿ. ವಾಚಿಗೆ ಒದ್ದೆ ಬಟ್ಟೆಯ ಒರೆಸು ಸಾಕು.