ಬಂಡೆಗೆ ಬಡಿಯುವ ಅಲೆಯ ನೊರೆಗೆ ಯಾವ ಬಿಳಿ ಬಣ್ಣ ಒಳ್ಳೆಯದು?

ಪ್ರವಾಸದಲ್ಲಿ ಬಂಡೆಗಳ ಕಡಲತೀರವನ್ನು ಜಲವರ್ಣದಲ್ಲಿ ಬರೆಯಲು ಬಿಳಿ ಗೌಶ್ (ನೀರಿನಲ್ಲಿ ಕಲಸುವ, ಪಾರದರ್ಶಕವಲ್ಲದ ಬಣ್ಣ) ಕೊಳ್ಳಲೋ, ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗದಂತೆ ಹಾಳೆಗೆ ಹಚ್ಚಿ, ಆಮೇಲೆ ಕೀಳುವ ರಬ್ಬರಿನಂಥ ದ್ರವ) ಕೊಳ್ಳಲೋ ಎಂದು ಕೇಳಿದ್ದೀರಿ. ಎರಡೂ ಬೇಡ, ಹಾಳೆಯ ಬಿಳಿಯೇ ಸಾಕು. ಬಿಳಿ ಗೌಶನ್ನೇ ನಂಬಿಕೊಂಡು ಹೊರಟಿದ್ದವನು ನಾನು.

ಕಡಿದಾದ ಬಂಡೆಯ ಬುಡದಲ್ಲಿ ಅಲೆ ಒಡೆಯುತ್ತಿತ್ತು. ನೊರೆಯನ್ನು ಕೊನೆಗೆ ಮೇಲಿನಿಂದ ಬಳಿದರಾಯಿತು ಎಂಬ ಧೈರ್ಯದಲ್ಲಿ ಹಾಳೆಯ ತುಂಬ ನೀಲಿಬೂದು ವಾಶ್ (ನೀರು ಹೆಚ್ಚಿರುವ ಬಣ್ಣದ ತೆಳು ಪದರ) ಎಳೆದುಬಿಟ್ಟೆ. ಬಂಡೆಗೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬೆರೆಸಿದ್ದೆ. ಒರಟು ಹಾಳೆಯ ಗುಳಿಗಳಿಗೆ ನೀಲಿಯ ಕಣಗಳು ಇಳಿದು ಕಲ್ಲಿನ ಮೈ ತಾನಾಗಿ ಮೂಡಿತು. ಅಷ್ಟು ಚೆನ್ನಾಗಿ ಬಂದಿದ್ದ ಬಂಡೆಯ ಪಕ್ಕದಲ್ಲೇ ಬಿಳಿ ಬಳಿದೆ. ಹಸಿಯಿದ್ದಾಗ ಬೆಳ್ಳಗಿತ್ತು, ಒಣಗಿದಂತೆ ಅಂಚಿಗೆ ಬೂದು ಹತ್ತಿತು. ಇನ್ನೊಂದು ಪದರ ಹಾಕಿದರೆ ಗೋಡೆಗೆ ಸುಣ್ಣ ಮೆತ್ತಿದಂತಾಯಿತು.

ಕಾರಣ ಸರಳ. ಜಲವರ್ಣದ ಅಂಟು ಒಣಗಿದ ಮೇಲೂ ನೀರಿಗೆ ಕರಗುತ್ತದೆ. ಒದ್ದೆ ಕುಂಚ ತಾಗಿದೊಡನೆ ಕೆಳಗಿನ ಬಣ್ಣ ಎದ್ದು ಬಿಳಿಯೊಳಗೆ ಸೇರಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೆಳಕಿನದು. ಪಾರದರ್ಶಕ ಬಣ್ಣವನ್ನು ದಾಟಿದ ಬೆಳಕು ಹಾಳೆಗೆ ತಾಗಿ ಮರಳುತ್ತದೆ. ಗೌಶ್ ಅದನ್ನು ಮೇಲೆಯೇ ತಡೆಯುತ್ತದೆ. ಉಳಿದ ಚಿತ್ರವೆಲ್ಲ ಒಳಗಿನಿಂದ ಬೆಳಗುವಾಗ, ಎಲ್ಲಕ್ಕಿಂತ ಹೊಳೆಯಬೇಕಾದ ನೊರೆಯೇ ಮಂಕಾಗಿರುತ್ತದೆ. ನಾನು ನೊರೆಯನ್ನು ಕಳೆದುಕೊಂಡದ್ದು ಗೌಶ್ ಬಳಿದಾಗಲ್ಲ, ಆ ಮೊದಲ ವಾಶ್ ಎಳೆದಾಗಲೇ.

ಮಾಸ್ಕಿಂಗ್ ಫ್ಲೂಯಿಡ್ ಕಿತ್ತಾಗ ಉಳಿಯುವ ಕತ್ತರಿಸಿದಂಥ ಅಂಚು ನೊರೆಗೆ ಒಪ್ಪುವುದಿಲ್ಲ. ಬಿಸಿಲಿಗೆ ಹೆಚ್ಚು ಹೊತ್ತು ಬಿಟ್ಟರೆ ಕೀಳುವಾಗ ಹಾಳೆಯೇ ಕಿತ್ತು ಬರಬಹುದು.

ಆ ಹಣವನ್ನು 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಒರಟು ಹತ್ತಿ ಹಾಳೆಗೆ ಹಾಕಿ. ಬಣ್ಣ ಮುಟ್ಟುವ ಮೊದಲು ಹಲವು ಅಲೆಗಳನ್ನು ನೋಡಿ, ಬಿಳಿ ಉಳಿಯಬೇಕಾದ ಜಾಗವನ್ನು ಪೆನ್ಸಿಲ್‌ನಲ್ಲಿ ತೆಳುವಾಗಿ ಗುರುತಿಸಿ, ಅಲ್ಲಿಗೆ ಕುಂಚ ಒಯ್ಯಬೇಡಿ. ನೊರೆಯ ಅಂಚಿನಲ್ಲಿ ನೀರು ಕಡಿಮೆಯಿರುವ ಕುಂಚವನ್ನು ಅಡ್ಡಲಾಗಿ ಎಳೆದರೆ ಹಾಳೆಯ ಉಬ್ಬುಗಳಿಗಷ್ಟೇ ಬಣ್ಣ ಹತ್ತಿ ನಡುನಡುವೆ ಬಿಳಿ ಉಳಿಯುತ್ತದೆ. ಒಂದು ಬದಿಯನ್ನು ಶುದ್ಧ ನೀರಿನಿಂದ ಮೃದುಗೊಳಿಸಿ, ಇನ್ನೊಂದನ್ನು ಹಾಗೆಯೇ ಬಿಡಿ.

1881–82ರಲ್ಲಿ ಇಂಗ್ಲೆಂಡಿನ ಕಲರ್‌ಕೋಟ್ಸ್‌ನಲ್ಲಿದ್ದು, ಆಮೇಲೆ ಅಮೆರಿಕದ ಮೇಯ್ನ್ ಕರಾವಳಿಯಲ್ಲಿ ನೆಲೆಸಿದ ಅಮೆರಿಕನ್ ಚಿತ್ರಕಾರ ವಿನ್ಸ್ಲೋ ಹೋಮರ್‌ನ ಜಲವರ್ಣಗಳನ್ನು ನೋಡಿ. ಹಾಳೆಯ ಬಿಳಿಯನ್ನು ಹಾಗೆಯೇ ಬಿಡುವುದು, ಬಣ್ಣವನ್ನು ಒತ್ತಿ ಎತ್ತುವುದು, ಬ್ಲೇಡಿನಿಂದ ಕೆರೆಯುವುದು, ಮೂರೂ ಅವನಲ್ಲಿವೆ. ನೀವೂ ಹನಿಗಳಿಗಾಗಿ ಕೊನೆಯಲ್ಲಿ ಕೆರೆಯಬಹುದು. ಆದರೆ ತೇವದ ಕಡಲ ಗಾಳಿಯಲ್ಲಿ ಹಾಳೆ ಬೇಗ ಒಣಗದಿರಬಹುದು; ಕೈಯ ಹಿಂಬದಿಗೆ ತಂಪೆನಿಸಿದರೆ ಇನ್ನೂ ಕಾಯಿರಿ.