ಹಡಗು ದಡ ಸೇರಿದರೂ

ಓದುಗರ ಪತ್ರ: ನಾನು ತತ್ವಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿನಿ. ನಮಗೆ ಮೂರು ಪ್ರಶ್ನೆ ಕೊಟ್ಟಿದ್ದಾರೆ. ಯಾವುದು ಸರಿ, ಯಾವುದು ತಪ್ಪು ಅಂತ ತೀರ್ಮಾನಿಸುವುದು ಹೇಗೆ? ಒಂದು ವಿಷಯ ನನಗೆ ‘ಗೊತ್ತು’ ಅಂತ ಯಾವಾಗ ಹೇಳಬಹುದು? ಪುರಾವೆ ಇಲ್ಲದೆ ದೇವರನ್ನು ನಂಬಬಹುದಾ? ಮೂರಕ್ಕೂ ಬೇರೆ ಬೇರೆ ನೋಟ್ಸ್ ಇದೆ. ನಾನು ಮೂರನೆಯದರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ನನ್ನ ಅಜ್ಜಿ ಯಾವ ಪುರಾವೆಯೂ ಇಲ್ಲದೆ ದೇವರನ್ನು ನಂಬುತ್ತಾರೆ. ಅದರಿಂದ ಯಾರಿಗೂ ತೊಂದರೆ ಆಗಿಲ್ಲ. ನಂಬಿಕೆ ಅವರವರ ಸ್ವಂತ ವಿಷಯ ಅಲ್ವಾ? ಸುಮ್ನೆ ನಂಬಿದರೆ ತಪ್ಪೇನು?

ಸಂಪಾದಕರ ಉತ್ತರ:

ನಿಮ್ಮ ಕಾಗದ ಮೂರು ದಿನದಿಂದ ನನ್ನ ಮೇಜಿನ ಮೇಲಿದೆ. ಈ ಪುಟದಲ್ಲಿ ಪ್ರತಿ ಸಲ ಐದಾರು ಪತ್ರಗಳಿಗೆ ಉತ್ತರ ಬರೆಯುವುದು ರೂಢಿ. ಉಳಿದವರು ಕ್ಷಮಿಸಬೇಕು, ಈ ತಿಂಗಳ ಪುಟ ಪೂರ್ತಿ ನಿಮಗೇ. ‘ಸುಮ್ನೆ ನಂಬಿದರೆ ತಪ್ಪೇನು’ ಅಂತ ಇಷ್ಟು ನೇರವಾಗಿ ಕೇಳುವವರು ಕಡಿಮೆ. ಕೇಳಿದ್ದಕ್ಕೆ ಮೊದಲು ಶಾಭಾಷ್ ಅನ್ನುತ್ತೇನೆ. ಆಮೇಲೆ ಸ್ವಲ್ಪ ಜಗಳ ಆಡುತ್ತೇನೆ.

ನಿಮ್ಮ ನೋಟ್ಸಿನಲ್ಲಿ ವಿಲಿಯಂ ಕಿಂಗ್ಡನ್ ಕ್ಲಿಫರ್ಡ್ ಹೆಸರು ಇರಲೇಬೇಕು. ಇಂಗ್ಲೆಂಡಿನ ಗಣಿತಜ್ಞ. ನಂಬಿಕೆಗೂ ನೀತಿಗೂ ಇರುವ ಸಂಬಂಧದ ಬಗ್ಗೆ 1877ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಎರಡು ವರ್ಷ ಕಳೆದ ಮೇಲೆ, 33ನೇ ವಯಸ್ಸಿಗೇ, ಕ್ಷಯರೋಗದಿಂದ ತೀರಿಕೊಂಡ. ಪ್ರಬಂಧ ಶುರುವಾಗುವುದು ಒಬ್ಬ ಹಡಗಿನ ಮಾಲೀಕನ ಕಥೆಯಿಂದ. ಅವನ ಹಡಗು ಹಳೆಯದು. ಎಷ್ಟೋ ಸಲ ರಿಪೇರಿ ಆಗಿದೆ. ವಲಸೆ ಹೊರಟ ಕುಟುಂಬಗಳು ಅದರಲ್ಲಿ ಹತ್ತಬೇಕು. ಪೂರ್ತಿ ಪರೀಕ್ಷೆ ಮಾಡಿಸಬೇಕೇನೋ ಅಂತ ಅವನಿಗೂ ಅನಿಸುತ್ತದೆ. ಆದರೆ ಅದಕ್ಕೆ ಖರ್ಚು ಜಾಸ್ತಿ. ಹಾಗಾಗಿ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ. ಇಷ್ಟು ಬಿರುಗಾಳಿ ದಾಟಿದ ಹಡಗು ಇದೊಂದು ಸಲ ದಾಟದೇ ಇರುತ್ತದಾ? ಬದುಕು ಅರಸಿ ಹೊರಟ ಈ ಬಡವರನ್ನು ದೇವರು ಕಾಯದೇ ಬಿಡುತ್ತಾನಾ? ಹೀಗೆ ಅನುಮಾನವನ್ನು ಒಂದೊಂದಾಗಿ ಒರೆಸಿ ಹಾಕಿ, ಕೊನೆಗೆ ನಿಜವಾಗಿಯೂ ನಂಬಿಬಿಡುತ್ತಾನೆ. ಹಗುರ ಮನಸ್ಸಿನಿಂದ ಹಡಗನ್ನು ಬೀಳ್ಕೊಡುತ್ತಾನೆ. ಅದು ನಡುಸಮುದ್ರದಲ್ಲಿ ಮುಳುಗುತ್ತದೆ. ಅವನು ವಿಮೆಯ ಹಣ ಪಡೆಯುತ್ತಾನೆ.

ಇವನು ತಪ್ಪುಗಾರ ಅಂತ ಯಾರಾದರೂ ಹೇಳುತ್ತಾರೆ. ಕ್ಲಿಫರ್ಡ್ ಮುಂದಿನ ಹೆಜ್ಜೆ ಇಡುತ್ತಾನೆ. ಹಡಗು ಮುಳುಗಲಿಲ್ಲ, ಕ್ಷೇಮವಾಗಿ ದಡ ಸೇರಿತು ಅಂದುಕೊಳ್ಳಿ. ಆಗ ಅವನ ತಪ್ಪು ಕಡಿಮೆಯಾಯಿತಾ? ಒಂದಿಷ್ಟೂ ಇಲ್ಲ ಅನ್ನುತ್ತಾನೆ ಕ್ಲಿಫರ್ಡ್. ತಪ್ಪು ಆಗಿಹೋದದ್ದು ಅವನು ನಂಬಿದ ಕ್ಷಣದಲ್ಲಿ. ಹಡಗು ಏನಾಯಿತು ಅನ್ನುವುದು ಆಮೇಲಿನ ಮಾತು. ಹೀಗೆ ಬರೆದವನಿಗೆ ಸಮುದ್ರ ಗೊತ್ತಿತ್ತು. 1870ರ ಡಿಸೆಂಬರಿನಲ್ಲಿ ಸೂರ್ಯಗ್ರಹಣ ನೋಡಲು ಹೊರಟ ತಂಡದಲ್ಲಿ ಆತನಿದ್ದ. ಸಿಸಿಲಿಯ ತೀರದಲ್ಲಿ ಹಡಗು ಅಪಘಾತಕ್ಕೆ ಸಿಕ್ಕಿ ಜೀವ ಉಳಿಸಿಕೊಂಡು ಬಂದ.

ಇದನ್ನು ನಾನು ಓದುವ ಮೊದಲೇ ಬದುಕು ನನಗೆ ಕಲಿಸಿತ್ತು. ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಅಧಿಕಾರಿ ಹಣ ತಿಂದಿದ್ದಾರೆ ಅಂತ ಒಬ್ಬರು ಬಂದು ಹೇಳಿದರು. ಪತ್ರಿಕೆ ಅಚ್ಚಿಗೆ ಹೋಗುವ ರಾತ್ರಿ ಅದು. ಹೇಳಿದವರ ಮಾತಿನಲ್ಲಿ ಅಷ್ಟು ಧೈರ್ಯ ಇತ್ತು, ನನಗೆ ಅಷ್ಟು ಅವಸರ ಇತ್ತು. ಒಂದೇ ಒಂದು ಕಾಗದ ನೋಡದೆ ಬರೆದು ಹಾಕಿದೆ. ಎರಡು ತಿಂಗಳ ನಂತರ ತನಿಖೆಯಲ್ಲಿ ಅದು ನಿಜವೆಂದೇ ಬಂತು! ಎಲ್ಲರೂ ಬೆನ್ನು ತಟ್ಟಿದರು. ಸುದ್ದಿ ಕೊಟ್ಟವರು ಆಮೇಲೊಮ್ಮೆ ಸಿಕ್ಕಾಗ ಹೇಳಿದರು, “ನನಗೂ ಏನೂ ಗೊತ್ತಿರಲಿಲ್ಲ. ಆ ಮನುಷ್ಯನ ಮೇಲೆ ಸಿಟ್ಟಿತ್ತು, ಬಾಯಿಗೆ ಬಂದದ್ದು ಹೇಳಿದೆ.” ಅವತ್ತು ರಾತ್ರಿ ನಾನು ನಿದ್ದೆ ಮಾಡಲಿಲ್ಲ. ನಾನು ಬರೆದದ್ದು ನಿಜ. ಆದರೆ ಅದು ನನಗೆ ಗೊತ್ತಿರಲಿಲ್ಲ. ಒಬ್ಬ ಮನುಷ್ಯನ ಮಾನವನ್ನು ಅದೃಷ್ಟದ ಕೈಗೆ ಕೊಟ್ಟು ಮನೆಗೆ ಹೋಗಿ ಮಲಗಿದ್ದೆ.

ನಿಮ್ಮ ಎರಡನೆಯ ಪ್ರಶ್ನೆ ಇಲ್ಲೇ ಬಂತು ನೋಡಿ. ಅಮೆರಿಕದ ತತ್ವಜ್ಞಾನಿ ಎಡ್ಮಂಡ್ ಗೆಟಿಯರ್ 1963ರಲ್ಲಿ ಮೂರೇ ಪುಟದ ಒಂದು ಲೇಖನ ಬರೆದ. ಒಂದು ಮಾತು ನಿಜವಾಗಿರಬೇಕು, ನಾವು ಅದನ್ನು ನಂಬಿರಬೇಕು, ನಂಬಲು ಕಾರಣ ಇರಬೇಕು. ಈ ಮೂರೂ ಸೇರಿದರೆ ಜ್ಞಾನ ಅಂತ ಬಹಳ ಮಂದಿ ಅಂದುಕೊಂಡಿದ್ದರು. ಮೂರೂ ಇದ್ದು, ಆದರೂ ಅದೃಷ್ಟದಿಂದ ಮಾತ್ರ ನಿಜವಾದ ಉದಾಹರಣೆಗಳನ್ನು ಆತ ಮುಂದಿಟ್ಟ. ಆ ಮೂರು ಪುಟಕ್ಕೆ ಉತ್ತರ ಹುಡುಕುವ ಕೆಲಸ ಇನ್ನೂ ಮುಗಿದಿಲ್ಲ.

ನನಗೆ ಖುಷಿ ಕೊಡುವ ಸಂಗತಿ ಬೇರೆ. ಇದೇ ಮಾತನ್ನು ಎಂಟನೇ ಶತಮಾನದಲ್ಲೇ ಬೌದ್ಧ ತಾರ್ಕಿಕ ಧರ್ಮೋತ್ತರ ಎತ್ತಿದ್ದ. ಮಾಂಸ ಸುಡಲು ಬೆಂಕಿ ಹಚ್ಚಿದ್ದಾರೆ. ಹೊಗೆ ಇನ್ನೂ ಎದ್ದಿಲ್ಲ. ವಾಸನೆಗೆ ಹುಳುಗಳು ಮುತ್ತಿಕೊಂಡು ಮೇಲೆ ಕಪ್ಪಗೆ ಹಾರುತ್ತಿವೆ. ದೂರದಲ್ಲಿ ನಿಂತವನು ಅದನ್ನೇ ಹೊಗೆ ಅಂದುಕೊಂಡು ‘ಅಲ್ಲಿ ಬೆಂಕಿ ಇದೆ’ ಅನ್ನುತ್ತಾನೆ. ಬೆಂಕಿ ಇರುವುದು ನಿಜ. ಅವನಿಗೆ ಗೊತ್ತಿತ್ತಾ? ಹನ್ನೆರಡನೇ ಶತಮಾನದ ದಾರ್ಶನಿಕ ಶ್ರೀಹರ್ಷ, ಮುಚ್ಚಿದ ಮುಷ್ಟಿಯಲ್ಲಿ ಎಷ್ಟು ಕವಡೆ ಇದೆ ಅಂತ ಊಹಿಸಿ ಸರಿಯಾಗಿ ಹೇಳಿದವನನ್ನು ತಂದು ನಿಲ್ಲಿಸಿದ. ನನ್ನ ಆ ವರದಿ ಹುಳು ಕಂಡು ಹೊಗೆ ಅಂದವನ ಮಾತಿನ ಹಾಗೆ ಇತ್ತು. ಇವೆಲ್ಲ ಪಂಡಿತರ ಆಟ ಅಂತ ನನಗೆ ಯಾವತ್ತೂ ಅನಿಸಿಲ್ಲ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅನ್ನುವ ಗಾದೆ ಹುಟ್ಟಿಸಿದವರು ಯಾವ ನೋಟ್ಸೂ ಓದಿರಲಿಲ್ಲ.

ಈಗ ‘ಸ್ವಂತ ವಿಷಯ’ ಅನ್ನುವ ನಿಮ್ಮ ಮಾತು. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಂಬಿಕೆ ಮನಸ್ಸಿನೊಳಗೆ ಕದ ಹಾಕಿಕೊಂಡು ಕೂರುವುದಿಲ್ಲ. ನಾವು ಯಾರಿಗೆ ಮತ ಹಾಕುತ್ತೇವೆ, ಯಾವ ಔಷಧಿ ಕುಡಿಸುತ್ತೇವೆ, ಮಗುವಿಗೆ ಯಾರನ್ನು ತೋರಿಸಿ ಹೆದರಿಸುತ್ತೇವೆ, ಎಲ್ಲದರಲ್ಲೂ ಅದು ಹೊರಗೆ ಬರುತ್ತದೆ. ಪರೀಕ್ಷಿಸಿ ನಂಬುವ ಹೊಣೆ ದೊಡ್ಡವರಿಗೆ ಮಾತ್ರ ಸೇರಿದ್ದಲ್ಲ, ಹೆಂಡದಂಗಡಿಯಲ್ಲಿ ಕೂತು ನಿಧಾನವಾಗಿ ನಾಲ್ಕು ಮಾತಾಡುವ ಹಳ್ಳಿಗನಿಗೂ ಇದೆ ಅನ್ನುತ್ತಾನೆ ಕ್ಲಿಫರ್ಡ್. ನನಗೆ ಇದರಲ್ಲಿ ಕಾಣುವುದು ದೊಡ್ಡ ಮರ್ಯಾದೆ. ಆ ಹಳ್ಳಿಗನ ನಂಬಿಕೆಗೂ ಲೋಕದಲ್ಲಿ ತೂಕ ಇದೆ ಅಂತ ಆತ ಒಪ್ಪಿಕೊಂಡ ಹಾಗಾಯಿತು.

ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ ಏನು ಹೇಳಿದ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 1896ರ ಒಂದು ಉಪನ್ಯಾಸದಲ್ಲಿ ಆತ ಕ್ಲಿಫರ್ಡ್‌ಗೆ ಎದುರು ನಿಂತ. ಪುರಾವೆ ಸಿಗುವವರೆಗೆ ಯಾರನ್ನೂ ನಂಬುವುದಿಲ್ಲ ಅಂತ ಕೂತವನಿಗೆ ಸ್ನೇಹಿತರೇ ಸಿಗುವುದಿಲ್ಲ, ಕೆಲವು ಕಡೆ ನಂಬಿಕೆ ಮೊದಲು ಬರಬೇಕು ಅಂದ. ಸರಿ, ಒಪ್ಪಿದೆ. ಆದರೆ ಜೇಮ್ಸ್ ಹಾಕಿದ ಷರತ್ತುಗಳನ್ನು ಜನ ಓದುವುದೇ ಇಲ್ಲ. ಬುದ್ಧಿಯಿಂದ ತೀರ್ಮಾನಿಸಲು ಆಗದ ವಿಷಯವಾಗಿರಬೇಕು. ಎರಡೂ ದಾರಿ ನಮಗೆ ಸಾಧ್ಯ ಅನಿಸಬೇಕು. ಆರಿಸದೆ ತಪ್ಪಿಸಿಕೊಳ್ಳಲು ಆಗಬಾರದು. ವಿಷಯ ಬದುಕಿಗೆ ದೊಡ್ಡದಿರಬೇಕು. ಇಷ್ಟು ಕಿರಿದಾದ ಬಾಗಿಲಿನಿಂದ ಹಡಗಿನ ಮಾಲೀಕ ಹೊರಗೆ ಬರಲಾರ. ಅವನ ಹಡಗನ್ನು ಬಡಗಿಯೊಬ್ಬ ಬಂದು ನೋಡಿದ್ದರೆ ಸಾಕಿತ್ತು.

ನಿಮಗೆ ಮೂರು ನೋಟ್ಸ್ ಕೊಟ್ಟಿದ್ದಾರಲ್ಲ, ನನ್ನ ಸಂಕಟ ಅದೇ. ಹಡಗಿನ ಕಥೆಯಲ್ಲಿ ನೀತಿ ಇದೆ, ಜ್ಞಾನ ಇದೆ, ದೇವರೂ ಇದ್ದಾನೆ. ಮೂರನ್ನೂ ಕತ್ತರಿಸಿ ಬೇರೆ ಬೇರೆ ಮಾಡಿ, ಒಂದೊಂದಕ್ಕೂ ಒಂದು ‘ವಾದ’ದ ಹೆಸರು ಅಂಟಿಸಿ, ಐದೈದು ಅಂಕ ಇಟ್ಟಿದ್ದಾರೆ. ಸಾಕ್ರಟೀಸ್ ಯೂಥಿಫ್ರೋ ಎಂಬುವನನ್ನು ಹಿಡಿದು ಕೇಳಿದ್ದು ನೆನಪಿರಬಹುದು. ಒಳ್ಳೆಯದಾದ್ದರಿಂದ ದೇವರಿಗೆ ಪ್ರಿಯವೋ, ದೇವರಿಗೆ ಪ್ರಿಯವಾದ್ದರಿಂದ ಒಳ್ಳೆಯದೋ? ಯೂಥಿಫ್ರೋ ಆಗ ಸ್ವಂತ ತಂದೆಯ ಮೇಲೇ ಕೊಲೆಯ ದೂರು ಕೊಡಲು ಬಂದಿದ್ದ. ದೇವರಿಗೆ ಏನು ಇಷ್ಟ ಅಂತ ತನಗೆ ಚೆನ್ನಾಗಿ ಗೊತ್ತು ಅನ್ನುವುದೇ ಅವನ ಧೈರ್ಯ. ಆ ತಂದೆಯನ್ನು ಬಿಟ್ಟು ಬರೀ ಪ್ರಶ್ನೆಯನ್ನು ಕಲಿಸಿದರೆ ಅದರ ಬಿಸಿ ಯಾರಿಗೆ ತಟ್ಟುತ್ತದೆ?

ಇನ್ನೊಂದು ನೋವು ಹೇಳಿಬಿಡುತ್ತೇನೆ. ‘ಇದು ನಿಮಗೆ ಹೇಗೆ ಗೊತ್ತು?’ ಅನ್ನುವ ಪ್ರಶ್ನೆಯನ್ನು ಜನ ಈಗ ಬೈಗುಳ ಅಂತ ತಿಳಿಯುತ್ತಾರೆ. ನಮಗೆ ಬರುವ ಲೇಖನಗಳಲ್ಲಿ ಒಂದು ಅಂಕಿ ಕಂಡರೆ, ಎಲ್ಲಿಂದ ಬಂತು ಅಂತ ಲೇಖಕರನ್ನು ವಿಚಾರಿಸುವುದು ನನ್ನ ಕೆಲಸ. “ನನ್ನ ಮೇಲೆ ನಂಬಿಕೆ ಇಲ್ವಾ?” ಅಂತ ಮುಖ ಗಂಟಿಕ್ಕುತ್ತಾರೆ. ಕೆಲವರು ಬರೆಯುವುದನ್ನೇ ನಿಲ್ಲಿಸಿದ್ದಾರೆ. ಪೂರ್ತಿ ಓದದ ಸಂದೇಶವನ್ನು ಹತ್ತು ಜನಕ್ಕೆ ದಾಟಿಸುವವರು, ಸುಳ್ಳು ಅಂತ ತೋರಿಸಿದಾಗ ‘ನನ್ನ ವೈಯಕ್ತಿಕ ಅಭಿಪ್ರಾಯ’ ಅನ್ನುತ್ತಾರೆ. ಆ ಮೂರು ಪದ ಹೇಳಿದ ಮೇಲೆ ಮಾತೇ ಮುಂದೆ ಹೋಗುವುದಿಲ್ಲ. ಹೀಗೆ ಸುಮ್ನೆ ನಂಬುವ ಅಭ್ಯಾಸ ಬೆಳೆದರೆ, ಪರೀಕ್ಷಿಸುವ ರೂಢಿಯೇ ಸಮಾಜದಿಂದ ಹೋಗಿಬಿಡುತ್ತದೆ ಅಂತ ಕ್ಲಿಫರ್ಡ್ ಹೆದರಿದ್ದ. ಆ ಹೆದರಿಕೆ ನನಗೂ ಇದೆ.

ನಿಮ್ಮ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಅವರ ನಂಬಿಕೆ ತಪ್ಪು ಅಂತ ನಾನು ಹೇಳುತ್ತೇನೆ ಅಂದುಕೊಂಡು ಇಷ್ಟು ಹೊತ್ತು ಓದಿದ್ದೀರಿ. ಹೇಳುವುದಿಲ್ಲ. ನನಗೆ ಅವರು ಗೊತ್ತಿಲ್ಲ. ಆದರೆ ನಿಮ್ಮ ಕಾಗದದ ಒಂದು ಸಾಲಿಗೆ ನಾನು ಕೆಂಪು ಗೆರೆ ಎಳೆದಿದ್ದೇನೆ. ‘ಯಾವ ಪುರಾವೆಯೂ ಇಲ್ಲದೆ ನಂಬುತ್ತಾರೆ’ ಅಂತ ಬರೆದಿದ್ದೀರಿ. ಇದು ನಿಮಗೆ ಹೇಗೆ ಗೊತ್ತು? ಅವರನ್ನು ಯಾವತ್ತಾದರೂ ಕೂರಿಸಿಕೊಂಡು ಕೇಳಿದ್ದೀರಾ? ಯಾವಾಗಿನಿಂದ ನಂಬಿದರು, ಏನು ಕಂಡು ನಂಬಿದರು, ನಡುವೆ ನಂಬಿಕೆ ಅಲುಗಾಡಿದ ದಿನ ಇತ್ತಾ, ಅವತ್ತು ಏನು ಮಾಡಿದರು? ಹೋಗಿ ಕೇಳಿ. ಅರ್ಧಕ್ಕೆ ಬಾಯಿ ಹಾಕಬೇಡಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಕಳಿಸಿ. ಮುಂದಿನ ತಿಂಗಳು ಈ ಪುಟ ಅವರಿಗೆ.